ಗೀರಿಲ್ಲದ ಸ್ಕ್ರೂ

ಮಾರ್ಚ್ ೪, ಸೋಮವಾರ

ಇವತ್ತಿಗೆ ಮುಗಿಯಿತು. ಮೂವತ್ತೆರಡು ಬಸ್ಸು, ಬಸ್ಸಿಗೆ ಎಂಟು ಜಾರುವ ಗಾಜು, ಗಾಜಿಗೆ ಎರಡು ಸ್ಕ್ರೂ. ಒಟ್ಟು ಎಷ್ಟಾಯಿತು ಎಂದು ನನ್ನ ಮುಂಗೈಯನ್ನು ಕೇಳಬೇಕು. ಏಸಿ ಬಸ್ಸು ಹತ್ತಿ, ಕೂತ ತಕ್ಷಣ ಕಿಟಕಿ ಸರಿಸಿ, ಒಳಗಿನ ತಂಪನ್ನೆಲ್ಲ ರಸ್ತೆಗೆ ದಾನ ಮಾಡುವ ಮಹಾನುಭಾವರಿಗೆ ಇದೇ ಮದ್ದು. ಎಲ್ಲ ಗಾಜನ್ನೂ ಚೌಕಟ್ಟಿಗೆ ಸೇರಿಸಿ ಬಿಗಿಯಬೇಕೆಂದು ಮ್ಯಾನೇಜರ್ ಆರ್ಡರ್ ಹೊರಡಿಸಿದ್ದರು.

ಬರೀ ಸ್ಕ್ರೂ ಹಾಕಿದರೆ ಸಾಲದು ಎಂದು ನನಗೆ ಗೊತ್ತಿತ್ತು. ನಾಣ್ಯವನ್ನೋ ಕೀಲಿಕೈಯನ್ನೋ ಸ್ಕ್ರೂ ತಲೆಯ ಗೀರಿಗೆ ಕೊಟ್ಟು ತಿರುಗಿಸಿಬಿಡುತ್ತಾರೆ. ಹಾಗಾಗಿ ಬಿಗಿದ ಮೇಲೆ ಒಂದೊಂದರ ತಲೆಗೂ ಅರ ಹಾಕಿ ಉಜ್ಜಿ ಆ ಗೀರನ್ನೇ ಅಳಿಸಿದೆ. ಇದು ಯಾರೂ ಹೇಳಿದ್ದಲ್ಲ, ನನ್ನದೇ ಉಪಾಯ. ಈಗ ಬೆರಳಾಡಿಸಿದರೆ ಅಂಗಿಯ ಗುಂಡಿಯಷ್ಟು ನುಣ್ಣಗಿದೆ. ಮ್ಯಾನೇಜರ್ ಸವರಿ ನೋಡಿ, "ತಂಪಣ್ಣ, ಇನ್ನು ನೀವೇ ಬಂದ್ರೂ ಇದನ್ನ ತೆಗೆಯೋಕಾಗಲ್ಲ" ಎಂದರು. ಇಪ್ಪತ್ತಾರು ವರ್ಷದಿಂದ ಬಸ್ಸಿನ ಏಸಿ ರಿಪೇರಿ ಮಾಡುತ್ತಿರುವುದಕ್ಕೆ ಡಿಪೋದಲ್ಲಿ ನನಗೆ ಆ ಹೆಸರು. ನನ್ನ ಮನೆಯಲ್ಲಿ ಏಸಿ ಇಲ್ಲ ಎನ್ನುವುದು ಅವರೆಲ್ಲರ ಹಳೆಯ ತಮಾಷೆ.

ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. "ನೀನು ಮಾಡಿದ ಕೆಲಸ ಅಂದ್ಮೇಲೆ ಕೇಳಬೇಕಾ" ಎಂದಳು. ಹೆಂಡತಿ ಮಾತ್ರ, "ಏಸಿ ಕೆಟ್ರೆ?" ಎಂದಳು. ಒಳ್ಳೆ ಊಟದಲ್ಲಿ ಕಲ್ಲು ಸಿಕ್ಕ ಹಾಗೆ ಮಾತಾಡುವುದು ಇವಳ ಅಭ್ಯಾಸ. ಕೆಡದ ಹಾಗೆ ನೋಡಿಕೊಳ್ಳಲು ನಾನಿಲ್ಲವೇ?

ಈ ಪುಸ್ತಕ ಡಿಪೋದ ಹಳೆಯ ಲಾಗ್‌ಬುಕ್. ಸಮಯ, ದೋಷ, ಕೈಗೊಂಡ ಕ್ರಮ ಎಂದು ಮೂರು ಕಾಲಂ ಇದೆ. ಅವುಗಳ ಮೇಲೆಯೇ ಬರೆಯುತ್ತಿದ್ದೇನೆ. ಧೂಳು ಬರುತ್ತದೆ ಎಂದು ಮಲಗುವ ಕೋಣೆಯ ಕಿಟಕಿ ಹಾಕಿದೆ. ಹೆಂಡತಿ ಗೊಣಗಿದಳು.

ಮಾರ್ಚ್ ೧೩, ಬುಧವಾರ

ಬಿಸಿಲು ಏರುತ್ತಿದೆ. ಅಕ್ಕನ ಡಯಾಲಿಸಿಸ್ ದಿನ. ವಾರಕ್ಕೆ ಮೂರು ಸಲ, ಸೋಮ, ಬುಧ, ಶುಕ್ರ. ಬೆಳಿಗ್ಗೆ ಏಳಕ್ಕೆ ಹೋದರೆ ವಾಪಸ್ಸು ಒಂದು ಗಂಟೆಯ ಬಸ್ಸಿಗೆ. ಭಾವ ಹೋದ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ಹೆಂಡತಿ ಜೊತೆಗೆ ಬರುತ್ತೇನೆಂದರೆ, "ನೀನು ಶಾಲೆ ಆಫೀಸಿಗೆ ರಜೆ ಹಾಕ್ಬೇಡ. ನನ್ನ ತಮ್ಮನ ಬಸ್ಸಿದೆ, ತಣ್ಣಗೆ ಕೂತು ಬರ್ತೀನಿ" ಎನ್ನುತ್ತಾಳೆ. ನಮ್ಮ ಡಿಪೋದಿಂದ ಇಪ್ಪತ್ತೇಳನೇ ನಂಬರಿನ ದಾರಿಗೆ ಹೋಗುವುದು ಒಂದೇ ಏಸಿ ಬಸ್ಸು. ಹಿಂದಿನ ಬಾಗಿಲು ದಾಟಿದ ಕೂಡಲೇ ಇರುವ ಕಿಟಕಿ ಸೀಟು ಅಕ್ಕನದು. ಅಲ್ಲಿ ಬೇರೆಯವರು ಕೂತಿದ್ದರೆ ಎಬ್ಬಿಸುತ್ತಾಳಂತೆ.

ಇವತ್ತು ಬಂದವಳೇ ಗೋಡೆಗೆ ಒರಗಿ ಕೂತಳು. ಕುಡಿಯುವ ನೀರು ದಿನಕ್ಕೆ ಮೂರೇ ಲೋಟ, ಡಾಕ್ಟರ ಕಟ್ಟಪ್ಪಣೆ. ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಕುಡಿದು ಮುಚ್ಚಿಟ್ಟಳು.

"ಬಸ್ಸು ಹೇಗಿತ್ತು?" ಎಂದೆ.

"ತಣ್ಣಗಿತ್ತು ಕಣೋ. ನಿದ್ದೆ ಬಂತು."

ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ. ಸಂಜೆ ಪೇಟೆಗೆ ಹೋಗುವಾಗ ತಲೆಪಿನ್ ತರಲು ಹೇಳಿದಳು. "ಗಟ್ಟಿ ಇರೋದು ತಾ, ಈಗಿನವು ಬಾಗ್ತಾವೆ."

ಮಾರ್ಚ್ ೨೫, ಸೋಮವಾರ

ಪ್ರಯಾಣಿಕರ ದೂರಿನ ಹಾಳೆಗಳು ಕಂತೆಯಾಗಿ ಬಂದಿವೆ. "ಏಸಿ ಅಲ್ಲ, ಇಸ್ತ್ರಿಪೆಟ್ಟಿಗೆ" ಎಂದು ಒಬ್ಬ ಬರೆದಿದ್ದಾನೆ. ಬರೆಯುವ ಕೈಗೆ ಏನು ಕಷ್ಟ? ಮಧ್ಯಾಹ್ನ ಹೊರಗೆ ಬೆಂದು ಬಂದವನಿಗೆ ಬಾಗಿಲು ದಾಟಿದ ಕ್ಷಣವೇ ಮಂಜುಗಡ್ಡೆ ಬೇಕು.

ಮ್ಯಾನೇಜರ್ ಕರೆಸಿದರು. ನಾನು ಬೆಳಗಿನ ತಪಾಸಣೆಯ ಕಾರ್ಡುಗಳನ್ನು ತೋರಿಸಿದೆ. ದಿನಾ ಬೆಳಿಗ್ಗೆ ಐದೂವರೆಗೆ, ಬಸ್ಸು ಹೊರಡುವ ಮೊದಲು, ಬಾಗಿಲು ಹಾಕಿ, ಎಲ್ಲದರ ಎಂಜಿನ್ ಒಟ್ಟಿಗೆ ಹತ್ತು ನಿಮಿಷ ಓಡಿಸಿ, ಗಾಳಿ ಬರುವ ಜಾಲರಿಗೆ ಥರ್ಮಾಮೀಟರ್ ಹಿಡಿಯುತ್ತೇನೆ. ಎಲ್ಲ ಬಸ್ಸಿನಲ್ಲೂ ಹದಿನೆಂಟು, ಹೆಚ್ಚೆಂದರೆ ಹತ್ತೊಂಬತ್ತು. ಕಾರ್ಡಿನಲ್ಲಿ ಎರಡೇ ಮನೆ: ಸರಿ ಇದೆ, ಕೆಟ್ಟಿದೆ. ಹದಿನೆಂಟು ಬಂದ ಮೇಲೆ ಸರಿ ಇದೆ ಅಷ್ಟೇ.

"ನಮ್ಮ ಅಕ್ಕನೇ ವಾರಕ್ಕೆ ಮೂರು ಸಲ ಇಪ್ಪತ್ತೇಳರಲ್ಲಿ ಬರ್ತಾಳೆ ಸಾರ್. ಅದೂ ಮಟಮಟ ಮಧ್ಯಾಹ್ನ. ನಿದ್ದೆ ಬರತ್ತೆ ಅಂತಾಳೆ" ಎಂದೆ.

ಮ್ಯಾನೇಜರಿಗೆ ಅದು ಬಹಳ ಹಿಡಿಸಿತು. ದೂರುಗಳಿಗೆ ಕಳಿಸುವ ಉತ್ತರದಲ್ಲಿ, "ನಿತ್ಯ ಪ್ರಯಾಣಿಸುವ ಹಿರಿಯ ರೋಗಿಗಳೂ ಮೆಚ್ಚಿದ್ದಾರೆ" ಎಂದು ಸೇರಿಸಿದರು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ. "ನನ್ನ ಯಾಕೆ ಎಳೆದೆ ಅದಕ್ಕೆ" ಎಂದಳು. ನಾಚಿಕೆ ಇರಬೇಕು.

ಏಪ್ರಿಲ್ ೩, ಬುಧವಾರ

ನಲವತ್ತು ಡಿಗ್ರಿ. ತಗಡಿನ ಸೂರಿನ ಕೆಳಗೆ ಕೆಲಸ. ಮೂರು ಕಂಪ್ರೆಸರ್ ಹೋಗಿವೆ, ಹೊಸದು ಬರಲು ತಿಂಗಳಾಗುತ್ತದೆ ಎನ್ನುತ್ತಾರೆ. ಆ ಮೂರು ಬಸ್ಸಿಗೆ ಕೆಟ್ಟಿದೆ ಎಂದು ಬರೆದೆ. ಮ್ಯಾನೇಜರ್ ಕಾರ್ಡು ವಾಪಸ್ಸು ಕಳಿಸಿದರು. ಕೆಟ್ಟಿದೆ ಎಂದರೆ ಬಸ್ಸು ಡಿಪೋದಲ್ಲೇ ನಿಲ್ಲಬೇಕು, ನಿಂತರೆ ಟ್ರಿಪ್ ತಪ್ಪುತ್ತದೆ, ತಪ್ಪಿದ ಟ್ರಿಪ್ಪಿಗೆ ಅವರು ಮೇಲಿನವರಿಗೆ ಉತ್ತರ ಕೊಡಬೇಕು. "ಫ್ಯಾನ್ ಓಡ್ತಿದೆ ತಾನೆ? ಗಾಳಿ ಬರ್ತಿದೆ ತಾನೆ?" ಎಂದರು. ಬರುತ್ತಿದೆ. ಸರಿ ಇದೆ ಎಂದು ತಿದ್ದಿಕೊಟ್ಟೆ. ಮೂರೇ ಬಸ್ಸು. ಇಪ್ಪತ್ತೇಳು ಅದರಲ್ಲಿ ಇಲ್ಲ.

ಅಕ್ಕನಿಗೆ ಮತ್ತೆ ತಲೆಪಿನ್ ಬೇಕಂತೆ. "ನಿನ್ನ ತಲೆಯಲ್ಲಿರೋದು ಕೂದಲೋ ಕಬ್ಬಿಣದ ತಂತಿಯೋ" ಎಂದು ರೇಗಿಸಿದೆ. ಕಾಯಿಲೆ ಬಿದ್ದಾಗಿನಿಂದ ಅವಳ ತುರುಬು ನಿಂಬೆಹಣ್ಣಿನಷ್ಟಾಗಿದೆ. ಈ ಸಲ ದಪ್ಪನೆಯ ಕಪ್ಪು ಪಿನ್ನು ತಂದೆ, ತುದಿಯಲ್ಲಿ ಬಿಳಿ ಗುಂಡಿರುವುದು. ಅಂಗಡಿಯವಳು ಇದು ಮುರಿದರೂ ಬಾಗುವುದಿಲ್ಲ ಎಂದಳು.

ಏಪ್ರಿಲ್ ೧೨, ಶುಕ್ರವಾರ

ಅಕ್ಕ ಮೂರಕ್ಕೆ ಬಂದಳಂತೆ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ, ಕೂದಲು ಬಿಚ್ಚಿಕೊಂಡು. ಬಲಗೈ ತೋರುಬೆರಳಿನ ಉಗುರು ಮುರಿದು ರಕ್ತ ಕಟ್ಟಿದೆ. ಹೆಂಡತಿ ಅರಿಸಿನ ಹಚ್ಚಿದ್ದಾಳೆ. ಬಾಗಿಲಿಗೆ ಸಿಕ್ಕಿತು ಎನ್ನುತ್ತಾಳೆ ಅಕ್ಕ.

"ಬಸ್ಸು?"

"ತಣ್ಣಗಿತ್ತು."

ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಕೂದಲು ಹೇಗೆ ಕೆದರಿತು ಎಂದು ಕೇಳಬೇಕೆಂದುಕೊಂಡೆ. ನನಗೂ ದಣಿವಾಗಿತ್ತು.

ಏಪ್ರಿಲ್ ೧೬, ಮಂಗಳವಾರ

ಇವತ್ತಿನದನ್ನು ಬರೆಯದೆ ಬಿಡಬೇಕೆಂದಿದ್ದೆ.

ಸ್ಕೂಟರ್ ಕೈಕೊಟ್ಟಿತು. ಬಿಡಿಭಾಗದ ಅಂಗಡಿಯಿಂದ ವಾಪಸ್ಸು ಬರಲು ಒಂದು ಗಂಟೆಯ ಇಪ್ಪತ್ತೇಳನ್ನೇ ಹತ್ತಿದೆ. ಓಡಿಸುವವನಿಗೆ ನಾವು ಗಡಿಯಾರ ಎನ್ನುತ್ತೇವೆ, ಹತ್ತು ವರ್ಷದಲ್ಲಿ ಒಂದು ದಿನ ತಡ ಮಾಡಿದವನಲ್ಲ. ಮೊದಲ ಐದು ನಿಲ್ದಾಣ ಚೆನ್ನಾಗಿತ್ತು. ನಾನು ಜಂಬದಿಂದಲೇ ಕೂತಿದ್ದೆ. ಸೇತುವೆಯ ಮೇಲೆ ಗಾಡಿಗಳು ಹೆಪ್ಪುಗಟ್ಟಿ ನಿಂತವು. ಮೇಲೆ ಕಂಪ್ರೆಸರ್ ಟಕ್ ಎಂದು ನಿಂತದ್ದು ನನ್ನೊಬ್ಬನ ಕಿವಿಗೇ ಕೇಳಿಸಿತು. ಹೊರಗಿನ ಬಿಸಿಗೆ, ಒಳಗಿನ ಅರವತ್ತು ಜನರ ಬಿಸಿಗೆ ಒತ್ತಡ ಏರಿ ತಾನಾಗಿಯೇ ನಿಲ್ಲುತ್ತದೆ. ಬೆಳಗಿನ ಜಾವ ಖಾಲಿ ಬಸ್ಸಿನಲ್ಲಿ ಅದು ಎಂದೂ ನಿಲ್ಲುವುದಿಲ್ಲ.

ಜಾಲರಿಯಿಂದ ಬಿಸಿಗಾಳಿ ಬಂತು. ಐದು ನಿಮಿಷಕ್ಕೆ ಗಾಜು ಬೆವರಿತು. ಮಗುವೊಂದು ಅತ್ತು ಅತ್ತು ಸುಮ್ಮನಾಯಿತು, ಅದು ಸುಮ್ಮನಾದದ್ದಕ್ಕೇ ಭಯವಾಯಿತು. ಮುಂದಿನ ಸೀಟಿನವನು ನಾಣ್ಯ ತೆಗೆದು ಸ್ಕ್ರೂವಿಗೆ ಕೊಟ್ಟ. ಜಾರಿತು. ಮತ್ತೆ ಕೊಟ್ಟ, ಮತ್ತೆ ಜಾರಿತು. ಹತ್ತಿರ ಬಗ್ಗಿ ನೋಡಿ, "ಗೀರೇ ಇಲ್ಲ. ಯಾವ ಪುಣ್ಯಾತ್ಮ ಮಾಡಿದ್ದು ಇದು?" ಎಂದ. ನಾನು ಆ ಕಡೆ ನೋಡಲಿಲ್ಲ. ನನ್ನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಇದ್ದು ಏನು ಮಾಡುವುದು? ಅದಕ್ಕೂ ಹಿಡಿಯಲು ಗೀರು ಬೇಕಲ್ಲ.

ಸೇತುವೆಯ ಮೇಲೆ ಬಾಗಿಲು ತೆರೆಯುವ ಹಾಗಿಲ್ಲ. ಇಪ್ಪತ್ತೈದು ನಿಮಿಷ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದೆ. ಕೂಗಿಬಿಡುತ್ತೇನೆ ಎನ್ನಿಸಿತು.

ಮನೆಗೆ ಬಂದವನೇ ಅಕ್ಕನನ್ನು ಕೇಳಿದೆ, ನಿನ್ನೆ ಹೇಗಿತ್ತು ಎಂದು. "ನಿನ್ನೆಯಾ? ತಣ್ಣಗಿತ್ತಪ್ಪ" ಎಂದಳು. ಜೀವ ಬಂದಂತಾಯಿತು. ಹಾಗಿದ್ದರೆ ಇವತ್ತೊಂದು ದಿನದ ಗ್ರಹಚಾರ.

ಏಪ್ರಿಲ್ ೧೭, ಬುಧವಾರ

ಮ್ಯಾನೇಜರ್ ಮುಂದೆ ನಿಂತು ಹೇಳಿದೆ. ಪರೀಕ್ಷೆ ಬೆಳಿಗ್ಗೆ ಮಾಡಿ ಪ್ರಯೋಜನವಿಲ್ಲ, ಮಧ್ಯಾಹ್ನ ಜನ ತುಂಬಿದಾಗ ಮಾಡಬೇಕು. ಅಲ್ಲಿಯವರೆಗೆ ಬಸ್ಸಿಗೆ ಎರಡಾದರೂ ಕಿಟಕಿ ಬಿಚ್ಚೋಣ ಎಂದು. ಅವರು ಸಿಟ್ಟಾಗಲಿಲ್ಲ. ಚಹಾ ತರಿಸಿದರು.

"ತಂಪಣ್ಣ, ಕಿಟಕಿ ತೆಗೆದ ಏಸಿ ಬಸ್ಸು ಅಂದ್ರೆ ಏನರ್ಥ? ಏಸಿ ಕೆಟ್ಟಿದೆ ಅಂತ ನಾವೇ ಊರಿಗೆಲ್ಲ ಬೋರ್ಡು ಹಾಕಿದ ಹಾಗೆ. ಮಳೆಗಾಲಕ್ಕೆ ಇನ್ನೆಷ್ಟು ದಿನ ಉಳೀತು? ನಿಮಗೂ ರಿಟೈರ್ ಆಗೋಕೆ ಮೂರೇ ವರ್ಷ. ಸುಮ್ಮನೆ ಯಾಕೆ ಮೈಮೇಲೆ ಹಾಕ್ಕೊಳ್ತೀರಿ?"

ಚಹಾ ಕುಡಿದು ಬಂದೆ. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಬೆಳಗಿನ ಕಾರ್ಡಿಗೆ ಹೇಗೂ ಸಹಿ ಹಾಕಿ ಆಗಿತ್ತು.

ಏಪ್ರಿಲ್ ೨೨, ಸೋಮವಾರ

ಹದಿನೆಂಟು ಡಿಗ್ರಿ. ಸರಿ ಇದೆ. ಮೂವತ್ತೆರಡು ಸಲ.

ಮಲಗುವ ಕೋಣೆಯ ಕಿಟಕಿಯ ಎರಡೂ ಬಾಗಿಲು ತೆರೆದಿತ್ತು. ಯಾರು ತೆಗೆದದ್ದು ಎಂದರೆ, "ನೀವೇ ಅಲ್ವೇನ್ರೀ, ನಾಲ್ಕು ದಿನದಿಂದ" ಎಂದಳು ಹೆಂಡತಿ. ಇರಬಹುದು, ಸೆಕೆ. ಸ್ನಾನದ ಮನೆಯ ಬಾಗಿಲೂ ಪೂರ್ತಿ ಹಾಕುವುದಿಲ್ಲವಂತೆ ನಾನು. ಇವಳಿಗೆ ಬೇರೆ ಕೆಲಸವಿಲ್ಲ.

ಏಪ್ರಿಲ್ ೨೪, ಬುಧವಾರ

ಅಕ್ಕ ಬಸ್ಸಿನಲ್ಲಿ ಬಿದ್ದಳು. ಬದುಕಿದ್ದಾಳೆ.

ಸೇತುವೆಯ ಮೇಲೆ. ಗಡಿಯಾರ ಟ್ರಿಪ್ ಬಿಟ್ಟು, ಬಸ್ಸಿನ ತುಂಬ ಜನರನ್ನು ಹಾಗೇ ಇಟ್ಟುಕೊಂಡು, ತಿರುಗಿಸಿ ಆಸ್ಪತ್ರೆಯ ಗೇಟಿಗೆ ತಂದ. ಒಬ್ಬನೂ ಗೊಣಗಲಿಲ್ಲವಂತೆ.

ಬೆಳಿಗ್ಗೆ ಐದೂವರೆಗೆ ಆ ಬಸ್ಸಿನ ಕಾರ್ಡಿಗೆ ಸರಿ ಇದೆ ಎಂದು ಬರೆದದ್ದು ಇದೇ ಕೈ.

ಏಪ್ರಿಲ್ ೨೫, ಗುರುವಾರ

ರಕ್ತದೊತ್ತಡ ಪೂರ್ತಿ ಇಳಿದುಹೋಗಿತ್ತು ಎಂದರು ಡಾಕ್ಟರು. ಡಯಾಲಿಸಿಸ್ ಆದ ಮೈಗೆ ಆ ಬಿಸಿ ಇನ್ನು ಹತ್ತು ನಿಮಿಷ ತಗಲಿದ್ದರೆ ಹೇಳಲಾಗುತ್ತಿರಲಿಲ್ಲವಂತೆ. ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿ ಮೊದಲು ಹೇಳಿದ್ದು, "ಬಸ್ಸು ತಣ್ಣಗೇ ಇತ್ತು ಕಣೋ. ನನ್ನ ಮೈಯೇ ಸರಿ ಇಲ್ಲ."

ಹೊರಗೆ ಬೆಂಚಿನ ಮೇಲೆ ಗಡಿಯಾರ ಕೂತಿದ್ದ. ನನ್ನ ಪಕ್ಕಕ್ಕೆ ಸರಿದು ಟೋಪಿ ತೆಗೆದ.

"ಅಣ್ಣ, ಮಾರ್ಚಿಂದ ಹೀಗೇ ಇದೆ. ಸೇತುವೆ ಮೇಲೆ ದಿನಾ ನಿಲ್ಲತ್ತೆ. ಜನ ಬೈಯೋಕೆ ಶುರು ಮಾಡಿದ್ರೆ ನಿಮ್ಮ ಅಕ್ಕ ಎದ್ದು ನಿಂತು ಜಗಳಕ್ಕೆ ಬರ್ತಿದ್ರು. 'ಇದನ್ನ ರಿಪೇರಿ ಮಾಡೋದು ನನ್ನ ತಮ್ಮ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗ್ತಾನೆ. ಸೆಕೆ ನಿಮ್ಮ ಮೈಯಲ್ಲಿದೆ' ಅಂತ. ಆಮೇಲೆ ಕೂತು ಕಿಟಕಿ ಕಡೆ ತಿರುಗಿಬಿಡ್ತಿದ್ರು. ನಿಮಗೆ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು."

ಸಂಜೆ ಡಿಪೋಗೆ ಹೋಗಿ ಇಪ್ಪತ್ತೇಳನ್ನು ಹತ್ತಿದೆ. ಹಿಂದಿನ ಬಾಗಿಲಿನ ನಂತರದ ಸೀಟು. ಅಲ್ಲಿ ಕೂತು ಕಿಟಕಿಯ ಕಡೆ ತಿರುಗಿದೆ, ಅಕ್ಕ ತಿರುಗುತ್ತಿದ್ದ ಹಾಗೆ. ಕೆಳಗಿನ ಸ್ಕ್ರೂವಿನ ಸುತ್ತ ಬಣ್ಣ ಕಿತ್ತು ಒಂದು ಉಂಗುರವಾಗಿದೆ. ಕೆಲವು ಗೆರೆಗಳಲ್ಲಿ ಧೂಳು ಕೂತು ಕಪ್ಪಾಗಿದೆ, ಕೆಲವು ನಿನ್ನೆಯಷ್ಟೇ ಗೀಚಿದಂತೆ ಹೊಳೆಯುತ್ತಿವೆ. ಸ್ಕ್ರೂವಿನ ತಲೆಯ ಮೇಲೂ ಅಡ್ಡಕ್ಕೆ ಗೀಚಿದ್ದಾಳೆ. ನಾನು ಅಳಿಸಿದ ಗೀರನ್ನು ಅವಳು ಮತ್ತೆ ಕೊರೆಯಲು ನೋಡಿದ್ದಾಳೆ. ಕೂದಲೆಳೆಯಷ್ಟು ಆಳ ಕೂಡ ಇಳಿದಿಲ್ಲ.

ಗಾಜಿನ ರಬ್ಬರಿನಲ್ಲಿ ಮುರಿದ ತುಂಡೊಂದು ಸಿಕ್ಕಿಕೊಂಡಿತ್ತು. ದಪ್ಪನೆಯ ಕಪ್ಪು ಪಿನ್ನು, ತುದಿಯಲ್ಲಿ ಬಿಳಿ ಗುಂಡು. ನಾನೇ ತಂದುಕೊಟ್ಟದ್ದು.

ಬಸ್ಸಿನ ಜನರ ಮುಂದೆ ನನ್ನನ್ನು ಬಿಟ್ಟುಕೊಡದೆ, ನನ್ನ ಮುಂದೆ ಬಸ್ಸನ್ನು ಬಿಟ್ಟುಕೊಡದೆ, ಎರಡು ತಿಂಗಳು ಒಬ್ಬಳೇ ಅಲ್ಲಿ ಕೂತು ಕೆರೆದಿದ್ದಾಳೆ. ಮನೆಯಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಿದ್ದರೆ ನಾನು ನಂಬುತ್ತಿದ್ದೆನೇ? ಕಾರ್ಡು ತಂದು ತೋರಿಸುತ್ತಿದ್ದೆ. ಆ ಸೀಟಿನಲ್ಲೇ ಅತ್ತೆ. ಬಾಗಿಲು ಹಾಕಿತ್ತು, ಯಾರಿಗೂ ಕೇಳಿಸಿರಲಾರದು.

ಏಪ್ರಿಲ್ ೨೬, ಶುಕ್ರವಾರ

ಬೆಳಿಗ್ಗೆ ಮೂರೂವರೆಗೆ ಹೋದೆ. ಇಪ್ಪತ್ತೇಳರಿಂದ ಶುರು.

ಒಂದು ಸ್ಕ್ರೂ ಹಾಕಲು ನನಗೆ ಎರಡು ನಿಮಿಷ ಹಿಡಿದಿತ್ತು. ತೆಗೆಯಲು ಹತ್ತು. ತಲೆಯ ಮೇಲೆ ಗುರುತು ಕುಟ್ಟಬೇಕು, ಡ್ರಿಲ್ಲಿನಿಂದ ಕೊರೆಯಬೇಕು, ನುಣ್ಣಗಿರುವುದರಿಂದ ಡ್ರಿಲ್ಲು ಜಾರಿ ಪಕ್ಕಕ್ಕೆ ಓಡುತ್ತದೆ. ಎಷ್ಟು ಚೆನ್ನಾಗಿ ಮಾಡಿದ್ದೆನೋ ಅಷ್ಟು ಕಷ್ಟ. ಮ್ಯಾನೇಜರ್ ಅಂದು ಸುಳ್ಳು ಹೇಳಿರಲಿಲ್ಲ. ಐದೂವರೆಗೆ ಆದದ್ದು ಒಂದು ಬಸ್ಸಿನ ಆರು ಗಾಜು. ಅಕ್ಕನ ಕಿಟಕಿಯನ್ನು ಸರಿಸಿದಾಗ ಕಿರ್ ಎಂದು ಸದ್ದಾಗಿ ತಣ್ಣನೆಯ ಬೆಳಗಿನ ಗಾಳಿ ಮುಖಕ್ಕೆ ಬಂತು.

ಕಾರ್ಡಿನಲ್ಲಿ ಎರಡೇ ಮನೆ. ಎರಡನ್ನೂ ಬಿಟ್ಟು ಅಂಚಿನಲ್ಲಿ ಬರೆದೆ: ಬೆಳಿಗ್ಗೆ ಏಸಿ ಇದೆ, ಮಧ್ಯಾಹ್ನ ಸೇತುವೆಯ ಮೇಲೆ ಇಲ್ಲ, ಕಿಟಕಿ ತೆರೆದಿದೆ. ಕೆಳಗೆ ಸಹಿ.

ಏಪ್ರಿಲ್ ೨೯, ಸೋಮವಾರ

ಹನ್ನೊಂದು ಬಸ್ಸು ಆಯಿತು. ಶನಿವಾರ ಭಾನುವಾರ ಹೆಂಡತಿ ಊಟದ ಡಬ್ಬಿ ಡಿಪೋದ ಗೇಟಿಗೇ ತಂದಳು. ಗಡಿಯಾರ ಡ್ಯೂಟಿ ಮುಗಿಸಿ ಬಂದು ಟಾರ್ಚ್ ಹಿಡಿದ.

ಮೆಮೊ ಬಂದಿದೆ. ಆಸ್ತಿಗೆ ಹಾನಿ, ಆದೇಶದ ಉಲ್ಲಂಘನೆ, ಏಳು ದಿನದೊಳಗೆ ವಿವರಣೆ. ಅಲ್ಲಿಯವರೆಗೆ ಉಪಕರಣ ಮುಟ್ಟುವಂತಿಲ್ಲ. ಡ್ರಿಲ್ಲನ್ನು ಸ್ಟೋರಿನಲ್ಲಿಟ್ಟು ಬೀಗ ಹಾಕಿದರು. ಇನ್ನೂ ಇಪ್ಪತ್ತೊಂದು ಬಸ್ಸು ಬಿಗಿದೇ ಇವೆ, ದಿನಾ ನನ್ನ ಕಣ್ಣೆದುರೇ ಗೇಟು ದಾಟುತ್ತವೆ. ಸುಮ್ಮನೆ ಸ್ಟೂಲಿನ ಮೇಲೆ ಕೂತಿರುವುದು ನನ್ನ ಕೆಲಸ.

ಮ್ಯಾನೇಜರ್ ಈ ಸಲ ಚಹಾ ತರಿಸಲಿಲ್ಲ. "ಅಕ್ಕನ ವಿಷಯ ಕೇಳಿ ಬೇಜಾರಾಯ್ತು. ಆದ್ರೆ ಅವರೇ ತಣ್ಣಗಿದೆ ಅಂತಿದ್ರಲ್ಲ?" ಎಂದರು. ನನ್ನ ಮಾತು ನನಗೇ ವಾಪಸ್ಸು ಬಂತು.

ಮೇ ೨, ಗುರುವಾರ

ವಿವರಣೆ ಬರೆದೆ. ನಾಲ್ಕು ಸಲ ಹರಿದು ಐದನೆಯದು. "ಸ್ಕ್ರೂಗಳ ಗೀರನ್ನು ಅಳಿಸಿದ್ದು ಯಾರ ಆದೇಶವೂ ಅಲ್ಲ, ನನ್ನ ತಪ್ಪು. ಬೆಳಗಿನ ಪರೀಕ್ಷೆಯನ್ನು ನಂಬಿದ್ದು ನನ್ನ ತಪ್ಪು. ಕೆಟ್ಟ ಮೂರು ಬಸ್ಸಿಗೆ ಸರಿ ಇದೆ ಎಂದು ತಿದ್ದಿದ್ದು, ಹೇಳಿದವರ ಜೊತೆಗೆ ನನ್ನದೂ ತಪ್ಪು. ಕಿಟಕಿ ಬಿಚ್ಚಿದ್ದು ತಪ್ಪಲ್ಲ." ಜೊತೆಗೆ ಸರಿ ಇದೆ ಎಂದು ಬರೆದ ಹಳೆಯ ಕಾರ್ಡನ್ನೂ ಅಂಚಿನಲ್ಲಿ ಬರೆದ ಹೊಸ ಕಾರ್ಡನ್ನೂ ಲಗತ್ತಿಸಿದೆ. ಮ್ಯಾನೇಜರಿಗೆ ಒಂದು, ಮೇಲಿನವರಿಗೆ ಒಂದು. ಹೆಂಡತಿ ಓದಿದಳು. ಒಂದೂ ಕಲ್ಲು ಹಾಕಲಿಲ್ಲ. ಅಕ್ಷರ ತಪ್ಪು ಮಾತ್ರ ತಿದ್ದಿಕೊಟ್ಟಳು.

ಮೇ ೩, ಶುಕ್ರವಾರ

ನಲವತ್ತೆರಡು ಡಿಗ್ರಿ. ಬಿದ್ದ ಮೇಲೆ ಅಕ್ಕ ಮೊದಲ ಸಲ ಒಬ್ಬಳೇ ಇಪ್ಪತ್ತೇಳರಲ್ಲಿ ಬರುವ ದಿನ. ಆಸ್ಪತ್ರೆಯಿಂದ ಬಂದಾಗಿನಿಂದ ಹೆಂಡತಿ ಆಟೋದಲ್ಲಿ ಕರೆದೊಯ್ಯುತ್ತಿದ್ದಳು. ಇವತ್ತು ಅಕ್ಕ ಹಟ ಹಿಡಿದಳು. ಪಿನ್ನಿನ ವಿಷಯ ನಾನು ಎತ್ತಿಲ್ಲ, ಅವಳೂ ಎತ್ತಿಲ್ಲ. ಆ ತುಂಡು ಈ ಪುಸ್ತಕದಲ್ಲೇ ಇದೆ, ಏಪ್ರಿಲ್ ೨೫ರ ಹಾಳೆಗೆ ಚುಚ್ಚಿಟ್ಟಿದ್ದೇನೆ.

ಕೆಲಸ ಇಲ್ಲದವನು ಮಧ್ಯಾಹ್ನವೇ ಮನೆಗೆ ಬಂದು ಬಾಗಿಲಲ್ಲಿ ಕೂತಿದ್ದೆ. ಎರಡೂಕಾಲಿಗೆ ಬಂದಳು. ಮುಖ ಕೆಂಪಗಿತ್ತು, ಕೂದಲೆಲ್ಲ ಗಾಳಿಗೆ ಕೆದರಿತ್ತು, ಹುಬ್ಬಿನ ಮೇಲೆ ರಸ್ತೆಯ ಧೂಳು. ಗೋಡೆಗೆ ಒರಗಿ ಕೂತು ತನ್ನ ಲೋಟದಿಂದ ಎರಡು ಗುಟುಕು ಕುಡಿದಳು. ನಾನು ಕೇಳಲಿಲ್ಲ.

ಅವಳೇ ಲೋಟ ಮುಚ್ಚಿಟ್ಟು ಹೇಳಿದಳು: "ಬೆಂಕಿ ಕಣೋ ನಿನ್ನ ಬಸ್ಸು. ಏಸಿಯೂ ಇಲ್ಲ, ಮಣ್ಣೂ ಇಲ್ಲ. ಕಿಟಕಿಯಿಂದ ಬರೋ ಗಾಳಿ ಒಲೆ ಊದಿದ ಹಾಗಿದೆ. ಕೂದಲೆಲ್ಲ ಗಂಟಾಯ್ತು. ಏನು ರಿಪೇರಿ ಮಾಡ್ತೀಯೋ ನೀನು ಅಲ್ಲಿ ಕೂತು?"

ಎರಡು ತಿಂಗಳಲ್ಲಿ ಅಕ್ಕ ನನ್ನ ಬಸ್ಸನ್ನು ಬೈದದ್ದು ಇದೇ ಮೊದಲು. ಬಾಚಣಿಗೆ ತಂದು ಅವಳ ಕೈಗೆ ಕೊಟ್ಟು, ಇನ್ನೂ ಸ್ವಲ್ಪ ಬೈಯಲಿ ಎಂದು ಅಲ್ಲೇ ಎದುರಿಗೆ ಕೂತೆ.